ಬೀಗರ ಮನೆಯ ಮುಚ್ಚಿದ ಬಾಗಿಲು

ಗಂಡಿನ ಕಡೆಯವರು ಖರ್ಚು ಬೇಡ ಎಂದರೆ ಹೆಣ್ಣು ಹೆತ್ತವರು ಕೈ ಮುಗಿಯಬೇಕಂತೆ. ನಾನು ಮುಗಿಯಲಿಲ್ಲ. ನಿಶ್ಚಿತಾರ್ಥ ಬೇರೆ, ಮದುವೆ ಬೇರೆ ಬೇಡ, ಎರಡನ್ನೂ ಒಂದೇ ದಿನ ಮುಗಿಸೋಣ. ನಮ್ಮ ಹಳ್ಳಿಯ ಗುಡಿ ಮುಂದೆ ಒಂದು ಚಪ್ಪರ ಹಾಕಿದರೆ ಸಾಕು. ಎರಡೂ ಕಡೆಯಿಂದ ನೂರೈವತ್ತು ಜನ ಮೀರುವುದು ಬೇಡ. ನೀವು ಏನೂ ಕೊಡಬೇಡಿ, ನಾವು ಕೇಳುವುದೂ ಇಲ್ಲ ಎಂದು ಹುಡುಗನ ಅಪ್ಪ ನಮ್ಮ ಮನೆಯ ಚಾಪೆಯ ಮೇಲೆ ಕುಳಿತು ನಿಧಾನವಾಗಿ ಹೇಳಿದ. ನನ್ನ ಹೆಂಡತಿ ಒಳಗಿನಿಂದ ಎರಡನೇ ಸಲ ಚಹಾ ತಂದಳು. ನಾನು ಆತನ ಮುಖವನ್ನೇ ನೋಡುತ್ತಿದ್ದೆ. ಕಾರು ಕೇಳಿದವರನ್ನು ನೋಡಿದ್ದೇನೆ, ಬಂಗಾರ ಕೇಳಿ ಆಮೇಲೆ ತೂಕ ಕೇಳಿದವರನ್ನೂ ನೋಡಿದ್ದೇನೆ. ಏನೂ ಬೇಡ ಎನ್ನುವವನನ್ನು ಅದೇ ಮೊದಲು ನೋಡಿದ್ದು. ಬೇಡ ಎನ್ನುವವನ ಮನೆಯಲ್ಲಿ ಏನೋ ಇರಬೇಕು ಎಂದು ನನಗೆ ಆ ಕ್ಷಣವೇ ಅನ್ನಿಸಿತು.

ನಾನು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವವನು. ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು, ಹೊಲಿದ ಪ್ಯಾಂಟುಗಳ ತುದಿಯ ದಾರ ಕತ್ತರಿಸುವ ಕೆಲಸಕ್ಕೆ ಸೇರಿದೆ. ಈಗ ಆರು ಮಿಷನ್‌ಗಳಿವೆ, ಆರೂ ನನ್ನವೇ. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆ ಬರುತ್ತದೆ, ನಾವು ಹೊಲಿದು ಕಳಿಸುತ್ತೇವೆ. ಬಟ್ಟೆಯ ನೀಲಿ ನನ್ನ ಬೆರಳುಗಳಿಗೆ ಹತ್ತಿ ಎಷ್ಟೋ ವರ್ಷವಾಯಿತು. ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಪ್ಯಾಂಟು ಹೊಲಿದು ಬಂದಾಗ ಎಲ್ಲರೂ ಹೊರಗಿನಿಂದ ನೋಡುತ್ತಾರೆ. ನಾನು ಮೊದಲು ಅದನ್ನು ಒಳಮಗ್ಗುಲು ತಿರುಗಿಸುತ್ತೇನೆ. ಹೊರಗೆ ಚೆಂದ ಕಾಣಿಸುವಂತೆ ಯಾರು ಬೇಕಾದರೂ ಹೊಲಿದಾರು.

ಈ ಸಂಬಂಧ ತಂದವಳು ನನ್ನ ಅಕ್ಕ. ಅವಳನ್ನು ಮಡಕಶಿರಕ್ಕೆ ಕೊಟ್ಟು ಮೂವತ್ತು ವರ್ಷವಾಗಿದೆ. ಅಲ್ಲಿ ಬಸ್ ನಿಲ್ದಾಣದ ಬಳಿ ಹೂವು ಮಾರುತ್ತಾಳೆ. ಗಂಡಿನವರು ರೊಳ್ಳದ ಕಡೆ ಒಂದು ಹಳ್ಳಿಯವರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ, ಸ್ವಲ್ಪ ರಾಗಿ, ಸ್ವಲ್ಪ ಶೇಂಗಾ. ಹುಡುಗ ಹತ್ತನೇ ತರಗತಿ ಮುಗಿಸಿ ಅಪ್ಪನ ಜೊತೆಯೇ ಹುಳು ಸಾಕುತ್ತಾನೆ. ನನ್ನ ಮಗಳು ಡಿಗ್ರಿ ಮಾಡಿ ನನ್ನ ಮಿಷನ್‌ಗಳ ಲೆಕ್ಕ, ಬಿಲ್ಲು ನೋಡಿಕೊಳ್ಳುತ್ತಿದ್ದಳು. ಹುಡುಗನನ್ನು ನೋಡಿ ಅವಳು ಒಪ್ಪಿದಳು. ಯಾಕೆ ಒಪ್ಪಿದೆ ಎಂದು ನಾನು ಕೇಳಿದಾಗ, ಜಾಸ್ತಿ ಮಾತಾಡಲಿಲ್ಲ ಅದಕ್ಕೆ ಎಂದಳು. ಅದಕ್ಕೇ ನನಗೆ ಅನುಮಾನ ಬಂದಿದ್ದು.

ಬೀಗರು ಹೋದ ಮೇಲೆ ಹೆಂಡತಿ ಕೇಳಿದಳು, "ಯಾಕ್ರಿ ಮುಖ ಹಂಗ ಮಾಡೀರಿ? ದುಡ್ಡು ಉಳದ್ರ ಒಳ್ಳೇದಲ್ಲೇನು?"

"ನನ್ನ ದುಡ್ಡು ಉಳಿಸಾಕ ಆತ ಯಾರು?" ಎಂದೆ.

ಅವಳಿಗೆ ಕಾರಣ ಗೊತ್ತು. ನಮ್ಮಿಬ್ಬರ ಮದುವೆ ಆಗಿದ್ದು ಸಾಮೂಹಿಕ ವಿವಾಹದಲ್ಲಿ. ಎಲ್ಲ ಹೆಣ್ಣುಗಳಿಗೂ ಒಂದೇ ಬಣ್ಣದ ಸೀರೆ, ಎಲ್ಲ ಗಂಡುಗಳಿಗೂ ಒಂದೇ ಅಂಚಿನ ಪಂಚೆ. ನನ್ನ ಅಂಗಿಗೆ ಒಂದು ಚೀಟಿ ಪಿನ್ನು ಹಾಕಿ ಚುಚ್ಚಿದ್ದರು, ಅದರಲ್ಲಿ ಹದಿನೇಳು ಎಂದು ಬರೆದಿತ್ತು. ಮೈಕಿನಲ್ಲಿ ಹದಿನೇಳನೇ ಜೋಡಿ ಬರಬೇಕು ಎಂದು ಕೂಗಿದರು. ನಾವು ಹೋಗುವಷ್ಟರಲ್ಲಿ ಹದಿನೆಂಟನೇ ಜೋಡಿ ನಮ್ಮ ಮಣೆಯ ಮೇಲೆ ಕುಳಿತುಬಿಟ್ಟಿತ್ತು. ಅವರನ್ನು ಎಬ್ಬಿಸಿ ನಾವು ಕುಳಿತೆವು. ನನ್ನ ಮಾವ ಅದನ್ನು ಸಾಯುವವರೆಗೂ ನಗುತ್ತಾ ಹೇಳುತ್ತಿದ್ದರು. ನಾನು ಒಂದು ದಿನವೂ ನಗಲಿಲ್ಲ. ಮಗಳು ಹುಟ್ಟಿದ ದಿನವೇ, ಇವಳ ಮದುವೆಗೆ ನಮ್ಮೂರಿನ ದೊಡ್ಡ ಫಂಕ್ಷನ್ ಹಾಲನ್ನೇ ಹಿಡಿಯುತ್ತೇನೆ ಎಂದುಕೊಂಡಿದ್ದೆ. ಹಾಗಾಗಿ ಬೀಗರ ಮಾತು ಕೇಳಿದ ಮೂರನೇ ದಿನ ಯಾರಿಗೂ ಹೇಳದೆ ಹೋಗಿ, ಬಳ್ಳಾರಿ ರಸ್ತೆಯ ಫಂಕ್ಷನ್ ಹಾಲಿಗೆ ಮುಂಗಡ ಕೊಟ್ಟು ಬಂದೆ. ಬೀಗರನ್ನು ಆಮೇಲೆ ಒಪ್ಪಿಸಿದರಾಯಿತು ಎಂದು ನನ್ನ ಎಣಿಕೆ.

ಮನೆ ನೋಡುವ ಶಾಸ್ತ್ರಕ್ಕೆ ನಾನು, ಹೆಂಡತಿ, ಅಕ್ಕ ಮೂವರೂ ಅವರ ಹಳ್ಳಿಗೆ ಹೋದೆವು. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಆದರೆ ನಮ್ಮನ್ನು ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಪ್ರಯಾಣದ ಆಯಾಸಕ್ಕೆ ನಾನು ಜೇಬಿನಿಂದ ತಂಬಾಕು ತೆಗೆದು ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕತೊಡಗಿದೆ. ಕೈ ಮುಂದೆ ಚಾಚಿಕೊಂಡು ಬರುತ್ತಿದ್ದ ಬೀಗರು ಅದನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡು, ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟರು. ಕೈ ಕೊಡಲಿಲ್ಲ. ನನ್ನ ಕುರ್ಚಿಯನ್ನೂ ಮರದ ಆಚೆ ಪಕ್ಕಕ್ಕೆ ಎಳೆಸಿದರು. ಬಿಸಿಲು ಬೀಳುತ್ತದೆ ಎಂದರು. ಬಿಸಿಲು ಇದ್ದಿದ್ದೇ ಆಚೆ ಪಕ್ಕದಲ್ಲಿ.

ಆಮೇಲೆ ಮನೆ ತೋರಿಸಿದರು. ನಡುಮನೆ, ಅಡಿಗೆಮನೆ, ಹುಡುಗನ ಕೋಣೆ. ಹಿತ್ತಲಿನಲ್ಲಿ ಶೀಟು ಹೊದಿಸಿದ ಉದ್ದನೆಯ ಕಟ್ಟಡ ಇತ್ತು. ಕಿಟಕಿಗಳಿಗೆಲ್ಲ ಹಸಿರು ಪರದೆ, ಬಾಗಿಲು ಮುಚ್ಚಿತ್ತು, ಹೊಸಿಲ ಮುಂದೆ ಸುಣ್ಣದ ಪುಡಿಯನ್ನು ದಪ್ಪಗೆ ಚೆಲ್ಲಿದ್ದರು. ನಾನು ಅತ್ತ ಹೆಜ್ಜೆ ಹಾಕಿದೆ.

"ಅದು ಹುಳುಮನೆ ಬೀಗ್ರೆ. ಹುಳ ಅವೆ. ಆ ಕಡೆ ಬ್ಯಾಡ," ಎಂದು ಬೀಗರು ನನ್ನ ಮುಂದೆ ಬಂದು ನಿಂತರು.

ಹುಳು ಇದ್ದರೆ ಇರಲಿ, ನಾನೇನು ಅವನ್ನು ತಿನ್ನುತ್ತೇನೆಯೇ ಎಂದುಕೊಂಡೆ. ಅಷ್ಟರಲ್ಲಿ ಒಳಗೆ ಬಳೆಗಳ ಸದ್ದಾಯಿತು. ಒಂದೆರಡು ಸಲವಲ್ಲ, ಒಂದೇ ಸಮನೆ. ಹುಡುಗನ ತಾಯಿ ನಮ್ಮ ಜೊತೆಗೇ ನಿಂತಿದ್ದಳು. ಅವನಿಗೆ ಅಕ್ಕತಂಗಿಯರಿಲ್ಲ ಎಂದು ನಮಗೆ ಮೊದಲೇ ಹೇಳಿದ್ದರು. ಹಾಗಾದರೆ ಒಳಗಿದ್ದವಳು ಯಾರು? ನಾವು ಹೊರಡುವವರೆಗೂ, ಸುಮಾರು ಮೂರು ಗಂಟೆ, ಆಕೆ ಹೊರಗೆ ಬರಲಿಲ್ಲ. ಹೆಣ್ಣಿನ ಕಡೆಯವರು ಮನೆಗೆ ಬಂದಾಗ ನೆರೆಮನೆಯವರೂ ಬಂದು ಇಣುಕಿ ಹೋಗುತ್ತಾರೆ. ಮನೆಯೊಳಗೇ ಇದ್ದ ಹೆಂಗಸು ಮುಖ ತೋರಿಸಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲ ಕೂಡಿಸಿ ನೋಡಿದೆ. ನಿಶ್ಚಿತಾರ್ಥ ಬೇಡ, ಅಂದರೆ ವಿಚಾರಿಸಿಕೊಳ್ಳಲು ನಡುವೆ ಸಮಯ ಸಿಗಬಾರದು. ಜನ ಬೇಡ, ಅಂದರೆ ಯಾರೂ ಗುರುತು ಹಿಡಿಯಬಾರದು. ಮದುವೆ ನಮ್ಮೂರಿನಲ್ಲಿ ಬೇಡ, ಅವರ ಊರಿನಲ್ಲೇ ಆಗಬೇಕು. ದುಡ್ಡು ಬೇಡ. ಒಳಗೆ ಒಬ್ಬಳು ಹೆಂಗಸು. ಹುಡುಗನಿಗೆ ಮೊದಲೇ ಒಂದು ಮದುವೆ ಆಗಿರಬೇಕು ಎಂಬುದು ನನಗೆ ಬಹುಮಟ್ಟಿಗೆ ಖಚಿತವಾಯಿತು. ಅಕ್ಕನಿಗೆ ಫೋನು ಮಾಡಿ ಸುತ್ತುಬಳಸಿ ಕೇಳಿದರೆ, "ಅಂಥ ಜನ ಅಲ್ಲ ಕಣೋ ತಮ್ಮ, ಒಳ್ಳೆ ಜನ," ಎಂದಳು. ಹೂವು ಮಾರುವವಳಿಗೆ ಮದುವೆ ಮಾಡುವವರೆಲ್ಲ ಒಳ್ಳೆಯವರೇ.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅಳುತ್ತಾಳೆ, ಇಲ್ಲವೇ ನಗುತ್ತಾಳೆ, ಎರಡೂ ನನಗೆ ಬೇಕಿರಲಿಲ್ಲ. ಮಗಳಿಗಂತೂ ಹೇಳುವ ಹಾಗೇ ಇರಲಿಲ್ಲ. ನನ್ನ ಮಗಳು ಎರಡನೆಯವಳಾಗಿ ಒಂದು ಮನೆಗೆ ಹೋಗಬಾರದು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಒಂದು ವಾರದ ನಂತರ ಒಂದು ಬೆಳಿಗ್ಗೆ, ಜಿಪ್ಪು ಗುಂಡಿ ತರಲು ಬಳ್ಳಾರಿಗೆ ಹೋಗುತ್ತೇನೆ ಎಂದು ಹೇಳಿ, ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಪಾವಗಡ, ಪಾವಗಡದಿಂದ ಮಡಕಶಿರ. ಅಕ್ಕ ನೋಡಬಾರದೆಂದು ನಿಲ್ದಾಣಕ್ಕಿಂತ ಮೊದಲೇ ಇಳಿದು, ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಶೇರ್ ಆಟೊ ಹಿಡಿದೆ. ಆಟೊದವನನ್ನು ತೆಲುಗಿನಲ್ಲಿ ವಿಚಾರಿಸಿದೆ. ಆ ಮನೆಯವರು ಒಳ್ಳೆಯವರು ಎಂದ. ಹಳ್ಳಿಯ ಚಹಾದಂಗಡಿಯವನೂ ಅದೇ ಮಾತು ಹೇಳಿದ. ಇಬ್ಬರೂ ಒಂದೇ ಮಾತು ಹೇಳಿದ್ದರಿಂದ ಯಾರೋ ಹೇಳಿಕೊಟ್ಟಿದ್ದಾರೆ ಎಂದುಕೊಂಡೆ.

ಮಧ್ಯಾಹ್ನದ ಹೊತ್ತು. ಅಪ್ಪ ಮಗ ಇಬ್ಬರೂ ತೋಟದಲ್ಲಿ ಸೊಪ್ಪು ಕಡಿಯುತ್ತಿದ್ದುದು ದೂರದಿಂದಲೇ ಕಾಣಿಸಿತು. ನಾನು ಹಿತ್ತಲ ಕಡೆಯ ಬೇಲಿ ಸಂದಿಯಿಂದ ಒಳಗೆ ಹೋದೆ. ಇಷ್ಟು ವರ್ಷ ತಲೆಯೆತ್ತಿ ಬದುಕಿದವನು ಬೀಗರ ಬೇಲಿಯಲ್ಲಿ ಬಗ್ಗಿ ನುಸುಳುತ್ತಿದ್ದೇನಲ್ಲ ಎಂದು ಅನ್ನಿಸದೇ ಇರಲಿಲ್ಲ. ಹೆದರಿಕೆಯಾದರೆ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ತಂಬಾಕನ್ನು ಅಂಗೈಗೆ ಸುರಿದುಕೊಂಡು ತಿಕ್ಕುತ್ತಲೇ ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ.

ಒಳಗೆ ತಂಪು, ಮಬ್ಬು. ಎರಡೂ ಕಡೆ ಅಂತಸ್ತು ಅಂತಸ್ತಾಗಿ ಉದ್ದನೆಯ ಹಾಸುಗಳು. ಅವುಗಳ ಮೇಲೆ ಸೊಪ್ಪಿನ ಕಡ್ಡಿಗಳು, ಕಡ್ಡಿಗಳ ಮೇಲೆ ಬೆರಳುದ್ದದ ಬಿಳಿ ಹುಳುಗಳು, ಸಾವಿರ ಸಾವಿರ. ಅವು ಸೊಪ್ಪು ತಿನ್ನುವ ಸದ್ದು ನಮ್ಮ ಆರೂ ಮಿಷನ್ ಒಟ್ಟಿಗೆ ಓಡುವುದನ್ನು ಬೀದಿಯ ಕೊನೆಯಲ್ಲಿ ನಿಂತು ಕೇಳಿದ ಹಾಗಿತ್ತು. ಹಾಸಿಗೆ ಇದೆಯೇ, ಹೆಂಗಸಿನ ಬಟ್ಟೆ ಇದೆಯೇ, ತೊಟ್ಟಿಲು ಇದೆಯೇ ಎಂದು ಕಣ್ಣು ಮೂಲೆ ಮೂಲೆ ಹುಡುಕಿತು. ಏನೂ ಕಾಣಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ಒಳಗೆ ಹೋದೆ.

"ಯಾವನೋ ಅವನು?"

ಹಾಸುಗಳ ಹಿಂದಿನಿಂದ ಎದ್ದ ಆ ದನಿಗೆ ನಾನು ಹಾರಿಬಿದ್ದೆ. ಅಂಗೈ ಮುಷ್ಟಿಯಾಗುವ ಮೊದಲೇ ತಂಬಾಕೆಲ್ಲ ಪಕ್ಕದ ಮೇಲಿನ ಅಂತಸ್ತಿನ ಮೇಲೆ ಚೆಲ್ಲಿತು. ಐವತ್ತು ದಾಟಿದ ಒಬ್ಬ ಹೆಂಗಸು ತಲೆಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದು ಎದುರಿಗೆ ನಿಂತಿದ್ದಳು. ಕೈತುಂಬ ಗಾಜಿನ ಬಳೆ. ಹುಡುಗನ ಹೆಂಡತಿಯಾಗುವ ವಯಸ್ಸು ಖಂಡಿತ ಅಲ್ಲ.

"ರೋಗ ಬರಬಾರ್ದು ಅಂತ ಬಾಗ್ಲಲ್ಲಿ ಸುಣ್ಣ ಹಾಕಿರದು ಕಾಣಲ್ವಾ ನಿಂಗೆ? ಯಾರು ನೀನು?"

ಬಾಯಿಗೆ ಬಂದಿದ್ದನ್ನು ಹೇಳಿದೆ. ರೇಷ್ಮೆ ಗೂಡಿನ ವ್ಯಾಪಾರದವನು, ಊರೂರು ತಿರುಗಿ ಬೆಳೆ ನೋಡುತ್ತಿದ್ದೇನೆ ಎಂದೆ. ಅದನ್ನು ಕೇಳಿ ಆಕೆ ಇನ್ನೂ ಕೆರಳಿದಳು. ಮನೆಮನೆ ಹುಳುಮನೆ ತುಳಿದುಕೊಂಡು ಬಂದ ಕಾಲಲ್ಲೇ ನಮ್ಮ ಹುಳುಮನೆಗೂ ಬಂದೆಯಾ ಎಂದು ಕಡ್ಡಿ ಬೀಸುತ್ತಾ ನನ್ನನ್ನು ಬೇಲಿಯವರೆಗೂ ಅಟ್ಟಿದಳು. ಹಿಂದಿರುಗಿ ನೋಡದೆ ರಸ್ತೆ ಸೇರಿದೆ. ಊರಿಗೆ ಬರುವವರೆಗೂ ಒಂದೇ ಪ್ರಶ್ನೆ: ಬೀಗರ ಮನೆಯಲ್ಲಿ ಇಂಥ ಒಬ್ಬಳು ಇರುವುದನ್ನು ನಮಗೆ ಯಾಕೆ ಹೇಳಲಿಲ್ಲ? ಅಷ್ಟೆಲ್ಲ ಆದ ಮೇಲೂ ನನಗೆ ಅವರ ಮೇಲೆಯೇ ಅನುಮಾನ.

ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ನಾನು ಮಿಷನ್ ಮೇಲೆ ಕುಳಿತಿದ್ದೆ. ಬೀಗರು ಮದುವೆ ಮುಂದಕ್ಕೆ ಹಾಕುತ್ತಾರಂತೆ ಎಂದಳು. ಕೇಳಿದ ತಕ್ಷಣ ನನಗೆ ಒಂದು ಥರ ಸಮಾಧಾನವೇ ಆಯಿತು. ಇವರು ಕೊನೆಗೆ ಏನೋ ನೆಪ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು, ಎಂದೆ.

"ನೆಪ ಅಲ್ಲ ಕಣೋ. ಅವರ ಹುಳ ಸಾಯ್ತಾ ಅವೆ. ನಿನ್ನೆ ಯಾವನೋ ಗೂಡಿನ ಯಾಪಾರದೋನು ಒಳಕ್ಕೆ ನುಗ್ಗಿದ್ನಂತೆ. ರೋಗ ಬಂದಿರೋ ಮನೆ ತುಳ್ಕಂಡು ಬಂದು ಇಲ್ಲಿಗೂ ಅಂಟಿಸಿದಾನೆ ಅಂತಾರೆ. ರೋಗ ಅಂದ್ರೆ ಉಳಿದಿದ್ದನ್ನೂ ಇಟ್ಕಳಂಗಿಲ್ಲ. ಇವತ್ತು ಸಂಜೆ ಒಳಗೆ ಎಲ್ಲಾನೂ ಗುಂಡಿ ತೆಗ್ದು ಮುಚ್ತಾರಂತೆ."

ನಾನು ಮಿಷನ್ನಿನ ಪೆಡಲಿನಿಂದ ಕಾಲು ತೆಗೆದೆ.

"ಅವನ ಕೈಬೆರಳೆಲ್ಲ ನೀಲಿ ಇದ್ವಂತೆ," ಎಂದು ಅಕ್ಕ ಹೇಳಿ ಫೋನಿಟ್ಟಳು. ಏನಾದರೂ ಗೊತ್ತಾಗಿ ಹೇಳಿದಳೋ, ಸುಮ್ಮನೆ ಹೇಳಿದಳೋ ಇವತ್ತಿಗೂ ನನಗೆ ತಿಳಿಯದು.

ನಮ್ಮ ಬೀದಿಯಲ್ಲಿ ಹಿಂದೆ ನೇಯ್ಗೆ ಮಾಡುತ್ತಿದ್ದ ಒಬ್ಬ ಮುದುಕರಿದ್ದಾರೆ. ಅವರ ಬಳಿ ಹೋಗಿ, ರೇಷ್ಮೆ ಹುಳುವಿಗೆ ತಂಬಾಕು ಬಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತಂಬಾಕು ತಿಂದ ಬಾಯಲ್ಲಿ ಉಸಿರು ಬಿಟ್ಟರೂ ಅದಕ್ಕೆ ಆಗದು, ಪುಡಿ ಬಿದ್ದರೆ ವಾಂತಿ ಮಾಡಿಕೊಂಡು ಸಾಯುತ್ತದೆ ಎಂದರು. ಆದರೆ ಅದು ಅಂಟುವ ರೋಗವಲ್ಲ, ಬಿದ್ದ ಕಡೆ ಅಷ್ಟೇ ಎಂದೂ ಸೇರಿಸಿದರು. ಬೀಗರು ನನಗೆ ಕೈ ಕೊಡದೆ ಚೊಂಬು ನೀರು ಇಟ್ಟಿದ್ದು ಆಗ ನೆನಪಾಯಿತು.

ಮನೆಗೆ ಬಂದೆ. ನಾಲ್ಕು ಗಂಟೆ ಆಗಿತ್ತು. ಸಂಜೆಯೊಳಗೆ ಹೇಳದಿದ್ದರೆ ಬದುಕಿರುವ ಹುಳುಗಳನ್ನೂ ಅವರು ಮಣ್ಣು ಮಾಡುತ್ತಾರೆ. ಹೇಳಿದರೆ, ಬೇಲಿ ನುಸುಳಿ ಬಂದವನ ಮನೆಯ ಹೆಣ್ಣು ಬೇಡ ಎನ್ನುತ್ತಾರೆ. ಎರಡರಲ್ಲಿ ಯಾವುದಾದರೂ ನನ್ನ ಮಗಳ ಮದುವೆಗೇ ಬಂದು ತಗಲುತ್ತಿತ್ತು. ಮಗಳು ಜಿಪ್ಪಿನ ಡಬ್ಬಿಗಳನ್ನು ಎಣಿಸುತ್ತಾ ಕುಳಿತಿದ್ದಳು. ತಲೆಯೆತ್ತದೆ ಕೇಳಿದಳು.

"ಅಪ್ಪಾ, ನಿನ್ನೆ ನೀ ಬಳ್ಳಾರಿಗಿ ಹೋಗಿದ್ದಿಲ್ಲಲ್ಲ?"

"ಯಾಕವ್ವ?"

"ಜಿಪ್ಪು ಎಲ್ಲದಾವ ಮತ್ತ?"

ಇದ್ದುದನ್ನು ಇದ್ದ ಹಾಗೆ ಹೇಳಿದೆ. ಬಳೆ ಸದ್ದು, ಮೊದಲ ಹೆಂಡತಿ, ಬೇಲಿ, ತಂಬಾಕು. ಅವಳು ನಗಲಿಲ್ಲ, ಅಳಲೂ ಇಲ್ಲ. ನನ್ನ ಬೆರಳುಗಳನ್ನು ನೋಡಿದಳು. ಆಮೇಲೆ ತನ್ನ ಫೋನು ತೆಗೆದು, ನಂಬರು ಹುಡುಕದೆಯೇ ಒತ್ತಿ, ನನ್ನ ಕೈಗೆ ಕೊಟ್ಟಳು. ಇವರಿಬ್ಬರೂ ದಿನವೂ ಮಾತಾಡುತ್ತಾರೆ ಎಂದು ಆಗಲೇ ನನಗೆ ತಿಳಿದದ್ದು. ಆದರೆ ಅದನ್ನು ಕೇಳುವ ಹೊತ್ತು ಅದಲ್ಲ.

"ನೀನೇ ಹೇಳಪ್ಪ. ನಾ ಹೇಳಿದ್ರ ಆಮ್ಯಾಲ ನೀ ಅವರ ಮುಂದ ಹ್ಯಾಂಗ ಕುಂದ್ರತಿ?" ಎಂದಳು.

ಹುಡುಗ ಫೋನು ತೆಗೆದ. ಅಪ್ಪನಿಗೆ ಕೊಡು ಎಂದೆ. ಬೀಗರ ದನಿ ಬಂತು. ಗುದ್ದಲಿ ನೆಲಕ್ಕೆ ಬೀಳುವ ಸದ್ದೂ ಅದರ ಹಿಂದೆ ಕೇಳಿಸುತ್ತಿತ್ತು.

"ಅದು ರೋಗ ಅಲ್ರಿ ಬೀಗ್ರೆ. ತಂಬಾಕು. ಬಾಗಲಾಗ ಹೊಕ್ಕ ಕೂಡಲೆ ಬಲಗಡೆ ಮ್ಯಾಲಿನ ಅಂತಸ್ತು, ಅದರ ಕೆಳಗಿಂದು. ಅಷ್ಟಕ್ಕ ಬಿದ್ದೈತಿ. ಉಳಿದಿದ್ದನ್ನ ಮುಚ್ಚಬ್ಯಾಡ್ರಿ."

"ನಿಮಗೆಂಗೆ ಗೊತ್ತು?"

"ಕೆಡವಿದವ ನಾನೇರಿ."

ಗುದ್ದಲಿ ಸದ್ದು ನಿಂತಿತು. ಬೀಗರು ಅಲ್ಲಿ ಯಾರಿಗೋ ನಿಲ್ಲಿಸಲು ಕೈ ಮಾಡಿರಬೇಕು. ಆಮೇಲೆ, "ನಾಳೆ ಬನ್ನಿ," ಎಂದಷ್ಟೇ ಹೇಳಿ ಫೋನು ಇಟ್ಟರು. ಆ ಎರಡು ಮಾತನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ನಾನೂ ಹೆಂಡತಿಯೂ ಕುಳಿತು ಯೋಚಿಸಿದೆವು. ಅವಳಿಗೂ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಸಂಬಂಧ ಬೇಡ ಎಂದು ಮುಖಕ್ಕೆ ಹೇಳಲು ಕರೆದಿದ್ದಾರೆ ಎಂದು ನಾನು. ಅಷ್ಟು ದೂರ ಕರೆಸಿ ಬೇಡ ಅನ್ನುವವರು ಅವರಲ್ಲ ಎಂದು ಅವಳು.

ಬೆಳಿಗ್ಗೆ ತಂಬಾಕಿನ ಪೊಟ್ಟಣವನ್ನು ಮನೆಯಲ್ಲೇ ಇಟ್ಟು ಹೊರಟೆ. ಈ ಸಲ ಮಡಕಶಿರದಲ್ಲಿ ಅಕ್ಕನ ಅಂಗಡಿ ಮುಂದೆಯೇ ಇಳಿದೆ. ಬೀಗರು ಅದೇ ಹೊಂಗೆ ಮರದ ಕೆಳಗೆ ಕೂರಿಸಿದರು. ಹುಳುಮನೆಯ ಹೆಂಗಸು ಪಕ್ಕದಲ್ಲೇ ನಿಂತಿದ್ದಳು. ಬೀಗರ ತಮ್ಮನ ಹೆಂಡತಿ ಅಂತೆ, ಹುಡುಗನಿಗೆ ಚಿಕ್ಕಮ್ಮ. ಹುಳು ಇರುವಷ್ಟು ದಿನ ಒಳಗಿನ ಕೆಲಸ ಎಲ್ಲ ಆಕೆಯದೇ. ಸೊಪ್ಪು ಹಾಕುವಾಗ ನಡುವೆ ಹೊರಗೆ ಬಂದು ಜನರೊಡನೆ ಬೆರೆತರೆ ಮತ್ತೆ ಸ್ನಾನ ಮಾಡಿಯೇ ಒಳಗೆ ಹೋಗಬೇಕು, ಅದಕ್ಕೇ ಅವತ್ತು ಬರಲಿಲ್ಲ. ಅವಳು ನನ್ನ ಬೆರಳುಗಳನ್ನೂ ಟವೆಲ್ಲನ್ನೂ ನೋಡಿ, "ಇವನೇ," ಎಂದಳು. ಆಮೇಲೆ ನನ್ನ ಬಿಳಿ ಕೂದಲು ನೋಡಿ, "ಇವ್ರೇ," ಎಂದು ತಿದ್ದಿಕೊಂಡಳು.

ಎಷ್ಟು ಹೋಯಿತು ಎಂದು ಕೇಳಿದೆ. ಎರಡು ಅಂತಸ್ತು. ಉಳಿದಿದ್ದು ಚೆನ್ನಾಗಿದೆ. ನಷ್ಟ ನಾನು ಕಟ್ಟಿಕೊಡುತ್ತೇನೆ ಎಂದೆ. ಬೀಗರು, ಬೇಲಿ ನುಸುಳಿ ಯಾಕೆ ಬಂದಿರಿ ಎಂದು ಕೇಳಿದರು. ಮೊದಲ ಹೆಂಡತಿಯ ವಿಷಯ ಹೇಳಬೇಕಾಯಿತು. ಹುಡುಗ ಅಲ್ಲಿಂದ ಎದ್ದು ಹೋದ. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ತೋಟದ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು. ಬೀಗರು ಮಾತ್ರ ನಗಲಿಲ್ಲ.

"ನಾವೂ ನಿಮ್ಮೂರಿಗೆ ಬಂದು ವಿಚಾರಿಸ್ಕಂಡು ಹೋದ್ವಿ ಬೀಗ್ರೆ. ನಿಮ್ಮ ಬೀದಿ ಚಾ ಅಂಗ್ಡೀಲಿ ಎರಡು ಗಂಟೆ ಕೂತಿದ್ದೆ. ಆದ್ರೆ ಯಾರ್ ಮನೆ ಒಳಕ್ಕೂ ಹೋಗ್ಲಿಲ್ಲ."

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಹಾಗಾದರೆ ಖರ್ಚು ಬೇಡ, ಜನ ಬೇಡ, ಎರಡೂ ಶಾಸ್ತ್ರ ಒಂದೇ ದಿನ ಆಗಲಿ ಎಂದದ್ದು ಯಾಕೆ ಎಂದು ಕೇಳಿಯೇ ಬಿಟ್ಟೆ. ಬೀಗರು ಕಾಲಬೆರಳಿನಿಂದ ಮಣ್ಣು ಕೆದಕುತ್ತಾ ಹೇಳಿದರು. ಒಂದು ಬೆಳೆಯ ಗೂಡು ಬಿಡಿಸಿ ಹಿಂದೂಪುರದ ಮಾರುಕಟ್ಟೆಗೆ ಹಾಕಿದ ಮೇಲೆ, ಹುಳುಮನೆ ತೊಳೆದು ಸುಣ್ಣ ಬಳಿದು, ಮುಂದಿನ ಬೆಳೆಯ ಮರಿಹುಳು ತರುವುದಕ್ಕೆ ನಡುವೆ ಹತ್ತೋ ಹನ್ನೆರಡೋ ದಿನ ಸಿಗುತ್ತದೆ. ಆ ದಿನಗಳಲ್ಲೇ ಮದುವೆ ಆಗಬೇಕು. ಎರಡು ಸಲ ಜನ ಸೇರಿದರೆ, ಒಂದು ಸಲ ಹುಳು ಒಳಗಿರುವಾಗಲೇ ಸೇರಬೇಕಾಗುತ್ತದೆ. ಐನೂರು ಜನ ಮನೆ ಸುತ್ತ ತಿರುಗಿದರೆ ಅವರಲ್ಲಿ ತಂಬಾಕು ಹಾಕುವವರು, ಸೆಂಟು ಹೊಡೆದುಕೊಂಡವರು ಎಷ್ಟು ಜನವೋ. ರಾಯದುರ್ಗದಲ್ಲಿ ಮಾಡಿದರೆ ಮನೆಮಂದಿಯೆಲ್ಲ ಮೂರು ದಿನ ಬರಬೇಕು, ಇಲ್ಲಿ ಹುಳುಮನೆ ತೊಳೆಯಲು ಯಾರೂ ಇರುವುದಿಲ್ಲ.

"ಅದನ್ನೇ ಹೇಳಬಹುದಿತ್ತಲ್ರಿ," ಎಂದೆ.

"ಹುಳಕ್ಕೋಸ್ಕರ ನಿಮ್ಮ ಮಗಳ ಮದುವೆ ಚಿಕ್ಕದಾಗಿ ಮಾಡ್ತೀವಿ ಅಂದಿದ್ರೆ ನೀವು ಒಪ್ತಿದ್ರಾ? ದುಡ್ಡು ಉಳೀತದೆ ಅಂದ್ರೆ ಯಾರಾದ್ರೂ ಒಪ್ತಾರೆ ಅನ್ಕಂಡೆ."

ಅಂದರೆ ಅವರು ಏನೋ ಮುಚ್ಚಿಟ್ಟಿದ್ದಾರೆ ಎಂಬ ನನ್ನ ಲೆಕ್ಕ ತಪ್ಪಿರಲಿಲ್ಲ. ಮುಚ್ಚಿಟ್ಟದ್ದು ಏನು ಎಂಬುದಷ್ಟೇ ತಪ್ಪಿತ್ತು. ನನ್ನ ಮಗಳಿಗಿಂತ ಹುಳು ದೊಡ್ಡದೇ ಎಂದು ಸಿಟ್ಟು ಬರಬೇಕಿತ್ತು. ಆದರೆ ದೀಪಾವಳಿಯ ಮುಂಚಿನ ಆರ್ಡರ್ ಇದ್ದಾಗ ನಾನೂ ನನ್ನ ತಮ್ಮನ ಮಗಳ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟಕ್ಕೆ ಮೊದಲೇ ಎದ್ದು ಬಂದವನು.

ನಷ್ಟದ ಮಾತನ್ನು ಮತ್ತೆ ಎತ್ತಿದೆ. ಬೀಗರು ಕೈ ಅಡ್ಡ ಮಾಡಿದರು. "ದುಡ್ಡು ಬ್ಯಾಡ. ಬಳ್ಳಾರಿ ರೋಡಿನ ಆ ಫಂಕ್ಷನ್ ಹಾಲು ಬಿಟ್ಬಿಡಿ, ಸಾಕು."

ಹಾಲಿನ ವಿಷಯ ನನ್ನ ಹೆಂಡತಿಗೇ ಗೊತ್ತಿರಲಿಲ್ಲ. ಚಹಾದಂಗಡಿಯಲ್ಲಿ ಎರಡು ಗಂಟೆ ಕುಳಿತವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಅದನ್ನು ಯೋಚಿಸಿದಾಗ ಅವರ ಮೇಲೆ ಮರ್ಯಾದೆಯೂ ಹುಟ್ಟಿತು, ಹೊಸದೊಂದು ಅನುಮಾನವೂ ಹುಟ್ಟಿತು. ಇನ್ನೂ ಏನೇನು ಗೊತ್ತಿರಬಹುದು ಇವರಿಗೆ?

ಫಂಕ್ಷನ್ ಹಾಲಿನವನು ಮುಂಗಡದಲ್ಲಿ ಅರ್ಧ ಹಿಂದಕ್ಕೆ ಕೊಟ್ಟ. ಮದುವೆ ಅವರ ಊರ ಗುಡಿ ಮುಂದೆ, ಅವರ ಆ ಹನ್ನೆರಡು ದಿನಗಳೊಳಗೇ ನಡೆಯಿತು. ಬೆಳಿಗ್ಗೆ ಏಳಕ್ಕೆ ವೀಳ್ಯ ಬದಲಿಸಿ ನಿಶ್ಚಿತಾರ್ಥ, ಹತ್ತೂವರೆಗೆ ಧಾರೆ. ನಡುವೆ ಸೀರೆ ಬದಲಿಸಲೇಬೇಕು, ಇಲ್ಲದಿದ್ದರೆ ಫೋಟೋದಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ ಎಂದು ಹೆಂಡತಿ ಹಟ ಹಿಡಿದಳು. ಬೊಮ್ಮನಹಾಳಿನಿಂದ ಬಂದ ನಮ್ಮ ಸೋದರಮಾವ ಬಸ್ಸು ತಪ್ಪಿಸಿಕೊಂಡು ಹನ್ನೊಂದಕ್ಕೆ ತಲುಪಿ, "ನಿಶ್ಚಯಕ್ಕ ಬಂದ್ರ ಮದುವಿ ಮುಗಿಸಿ ಕುಂತೀರಲ್ಲೋ," ಎಂದು ಬೈದು, ಹೋಳಿಗೆ ಊಟಕ್ಕೆ ಎರಡು ಪಂಕ್ತಿಯಲ್ಲೂ ಕುಳಿತರು. ನೂರೈವತ್ತು ಎಂದದ್ದು ಇನ್ನೂರರ ಹತ್ತಿರ ಬಂತು. ಮೈಕು ಇರಲಿಲ್ಲ. ನನ್ನ ಮಗಳನ್ನು ಅವಳ ಹೆಸರು ಹಿಡಿದೇ ಕರೆದರು. ಮಣೆಯ ಮೇಲೆ ಅವಳಿಗಿಂತ ಮೊದಲು ಬೇರೆ ಯಾರೂ ಕುಳಿತಿರಲಿಲ್ಲ. ನಾನು ಅದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ಉಳಿದ ದುಡ್ಡನ್ನು ಮಗಳ ಹೆಸರಿಗೆ ಹಾಕಿದೆ. ಬೀಗರಿಗೆ ಹೇಳಲಿಲ್ಲ. ಅವರಿಗೆ ಅದೂ ಗೊತ್ತಿರಬೇಕು.

ಮೊನ್ನೆ ಅವಳನ್ನು ನೋಡಲು ಹೋಗಿದ್ದೆ. ತಂಬಾಕು ಬಿಟ್ಟು ಎಂಟು ತಿಂಗಳಾಗಿದೆ, ಬಸ್ಸು ಇಳಿದವನು ಅಕ್ಕನ ಅಂಗಡಿಯಲ್ಲಿ ಸೋಪು ಹಾಕಿ ಕೈಯನ್ನೂ ತೊಳೆದುಕೊಂಡಿದ್ದೆ. ಹುಳುಮನೆಯ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಮಗಳನ್ನು ಕರೆಯಿರಿ ಎಂದೆ. ಸೊಪ್ಪು ಹಾಕುತ್ತಿದ್ದಾಳೆ, ನಡುವೆ ಬರುವ ಹಾಗಿಲ್ಲ ಎಂದಳು. ಹಾಗಾದರೆ ನಾನೇ ಒಂದು ಗಳಿಗೆ ಒಳಗೆ ಹೋಗಿ ನೋಡಿ ಬರುತ್ತೇನೆ ಎಂದೆ. ಆಕೆ ನನ್ನ ಬಲಗೈ ಹಿಡಿದು ಅಂಗೈ ಮೇಲಕ್ಕೆ ತಿರುಗಿಸಿ, ಮೂಗಿನ ಹತ್ತಿರ ತಂದು ಮೂಸಿದಳು. ಎಡಗೈಯನ್ನೂ ಮೂಸಿದಳು. ಬೆರಳ ನೀಲಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಮರದಡಿ ಕೂತ್ಕಳಿ ಬೀಗ್ರೆ. ಚೊಂಬಲ್ಲಿ ನೀರು ಐತೆ," ಎಂದು ಬಾಗಿಲು ಮುಂದಕ್ಕೆ ಎಳೆದಳು.

ಒಳಗಿನಿಂದ ಬಳೆ ಸದ್ದು ಬರುತ್ತಿತ್ತು. ಅವು ನಾನೇ ರಾಯದುರ್ಗದ ಪೇಟೆಯಲ್ಲಿ ಕೊಡಿಸಿದ ಬಳೆಗಳು. ನಡುವೆ ಒಂದು ಸಲ ಅವಳ ದನಿಯೂ ಕೇಳಿಸಿತು. ನಗುತ್ತಿದ್ದಳೋ ಕೆಮ್ಮುತ್ತಿದ್ದಳೋ, ಮುಚ್ಚಿದ ಬಾಗಿಲಿನ ಹೊರಗೆ ನಿಂತವನಿಗೆ ತಿಳಿಯುವ ಹಾಗಿರಲಿಲ್ಲ. ಹೊಂಗೆ ಮರದ ಕೆಳಗೆ ಕುಳಿತು, ಅವಳು ಹೊರಗೆ ಬಂದು ಮುಖ ತೋರಿಸುವವರೆಗೂ ಬಾಗಿಲನ್ನೇ ನೋಡುತ್ತಿದ್ದೆ.